ತುಂಡಾದ ಸ್ಕ್ಯಾನು, ಒಂದೇ ಮಿದುಳು

ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಎಂದರೆ ಹೊರಗಿನ ವೈದ್ಯರು ಹುಬ್ಬೇರಿಸುತ್ತಾರೆ. ನಂಜನಗೂಡು, ತಿ. ನರಸೀಪುರ, ಚಾಮರಾಜನಗರ ಕಡೆಯ ವೈದ್ಯರಿಗೆ ಅದು ಹೊಸದಲ್ಲ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುತ್ತಿರುವಾಗಲೇ ಮಗು ಒಂದೇ ಕಡೆ ದಿಟ್ಟಿಸತೊಡಗುತ್ತದೆ, ಕರೆದರೆ ಓಗೊಡುವುದಿಲ್ಲ, ಕೆಲವೊಮ್ಮೆ ಬಚ್ಚಲಲ್ಲೇ ಕುಸಿಯುತ್ತದೆ. ಇಂಥದರ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆಮೇಲೆ ಬೆಂಗಳೂರಿನ ನರತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು, ಅವರ ನಂತರ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ, ದಕ್ಷಿಣ ಕರ್ನಾಟಕದಲ್ಲಿ ಇದು ಅಪರೂಪವೇ ಅಲ್ಲ ಎಂದು ತೋರಿಸಿಕೊಟ್ಟರು. ಮಣಿಯವರು 1990ರ ದಶಕದಲ್ಲಿ ಮೂರ್ಛೆರೋಗದ ಹಳ್ಳಿ ಸಮೀಕ್ಷೆಗೆ ಆರಿಸಿಕೊಂಡ ಯಳಂದೂರು ನರಸೀಪುರದ ನೆರೆ ತಾಲ್ಲೂಕೇ.

ಬಿಸಿನೀರಿನ ಫಿಟ್ಸ್ ಇರುವ ಹೆಚ್ಚಿನವರಿಗೆ ನೀರಿನ ಬಿಸಿ ಇಳಿಸಿದರೆ, ಇಲ್ಲವೇ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಗುಳಿಗೆ ನುಂಗಿದರೆ ಸಾಕಾಗುತ್ತದೆ. ಆದರೆ ಫಿಟ್ಸ್ ಮಿದುಳಿನ ಯಾವ ಮೂಲೆಯಲ್ಲಿ ಶುರುವಾಯಿತು ಎಂದು ತಿಳಿಯಬೇಕಾದರೆ ಚಿತ್ರ ಬೇಕು, ಒಂದಲ್ಲ, ಮೂರು. ಫಿಟ್ಸ್ ಬಂದ ಕ್ಷಣದಲ್ಲಿ ರಕ್ತನಾಳಕ್ಕೆ ಚುಚ್ಚಿದ ವಿಕಿರಣ ಔಷಧಿ ಆಗ ರಕ್ತ ಎಲ್ಲಿ ಹೆಚ್ಚು ಹರಿಯುತ್ತಿತ್ತೋ ಅಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಮಗು ಸುಧಾರಿಸಿಕೊಂಡ ಮೇಲೆ ಸ್ಪೆಕ್ಟ್ ಯಂತ್ರದಲ್ಲಿ ಅದರ ಚಿತ್ರ ತೆಗೆಯುತ್ತಾರೆ. ಫಿಟ್ಸ್ ಇಲ್ಲದ ಇನ್ನೊಂದು ದಿನ ಅದೇ ಚಿತ್ರ ಮತ್ತೊಮ್ಮೆ. ಮೂರನೆಯದು ಎಂಆರ್‌ಐ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು, ಉಳಿದ ಮಚ್ಚೆಯನ್ನು ಮೂರನೆಯದರ ಮೇಲೆ ಕೂರಿಸಿದರೆ ಜಾಗ ಸಿಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 1990ರ ದಶಕದಲ್ಲಿ ರೂಢಿಗೆ ಬಂದ ಈ ಕ್ರಮಕ್ಕೆ ಸಿಸ್ಕಾಂ ಎಂದು ಹೆಸರು. ಬೇರೆ ಫಿಟ್ಸ್‌ಗೆ ರೋಗಿಯ ಪಕ್ಕದಲ್ಲೇ ಸಿರಿಂಜು ಹಿಡಿದು ದಿನಗಟ್ಟಲೆ ಕಾಯಬೇಕು. ಬಿಸಿನೀರಿನದನ್ನು ಆಸ್ಪತ್ರೆಯಲ್ಲೇ ಎಚ್ಚರಿಕೆಯಿಂದ ಬರಿಸಬಹುದು. ನಿಮ್ಹಾನ್ಸ್ ಇದನ್ನು ಸ್ಪೆಕ್ಟ್‌ನಲ್ಲಿ ಅಧ್ಯಯನ ಮಾಡಿಯೂ ಇದೆ.

ನಂಜನಗೂಡು ಕಡೆಯ ಹೆಡತಲೆಯಂಥ ಊರಿನ ಒಬ್ಬ ಹುಡುಗನಿಗೆ ಇದೆಲ್ಲ ಬೇಕಾಯಿತೆಂದು ಇಟ್ಟುಕೊಳ್ಳಿ. ಬಸ್ಸಿನಲ್ಲಿ ನಂಜನಗೂಡು, ಅಲ್ಲಿಂದ ಮೈಸೂರು, ಅಲ್ಲಿಂದ ಬೆಂಗಳೂರು. ಎಂಆರ್‌ಐ ಮೈಸೂರಿನಲ್ಲಿ ಆಗಿರುತ್ತದೆ, ಸ್ಪೆಕ್ಟ್ ಬೆಂಗಳೂರಿನಲ್ಲಿ, ಎರಡನೆಯ ಸ್ಪೆಕ್ಟ್ ಕೊಯ್ಲು ಮುಗಿದ ಮೇಲೆ. ಮೂರು ಸಲವೂ ತಲೆ ಮೂರು ರೀತಿ ಮಲಗಿರುತ್ತದೆ. ಒಂದು ಚಿತ್ರದ ಒಂದು ಚುಕ್ಕೆ ಇನ್ನೊಂದರ ಯಾವ ಚುಕ್ಕೆಗೆ ಸೇರಿದ್ದು? ಮಿದುಳಿನ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ವಿದ್ಯೆಯೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ. ಮೂವತ್ತು ವರ್ಷಗಳಲ್ಲಿ ಅದು ಬಹಳ ದೂರ ಬಂದಿದೆ. ನನ್ನ ತಕರಾರು ಇಷ್ಟೆ: ಅದು ಯಾವುದನ್ನು ಬಿಡಿಸಿದೆ, ಯಾವುದನ್ನು ಬಿಡಿಸಿಲ್ಲ ಎಂಬುದನ್ನು ನಾವು ತಿರುವುಮುರುವಾಗಿ ತಿಳಿದುಕೊಂಡಿದ್ದೇವೆ. ತಲೆ ಓರೆಯಾದದ್ದಕ್ಕೆ ಹೆದರುತ್ತೇವೆ, ಅದು ಬಗೆಹರಿದ ವಿಷಯ. ಹೆದರಬೇಕಾದದ್ದು ಬೇರೆ ಕಡೆ ಇದೆ.

ಮೊದಲು, ಸ್ಕ್ಯಾನಿಗೆ ನಡುವೆ ತಡೆ ಬೀಳುವುದಾದರೂ ಹೇಗೆ? ಅದಕ್ಕೆ ಬೇರೆ ಬೇರೆ ಊರು, ಬೇರೆ ಬೇರೆ ದಿನ ಬೇಕಿಲ್ಲ. ಎಂಆರ್‌ಐ ಕೋಣೆಯೊಳಗೇ ಆಗುತ್ತದೆ. ಮುಕ್ಕಾಲು ಗಂಟೆಯ ಪರೀಕ್ಷೆಯಲ್ಲಿ ಇಪ್ಪತ್ತನೇ ನಿಮಿಷಕ್ಕೆ ಒಳಗಿರುವವರು ಕೈಯಲ್ಲಿರುವ ರಬ್ಬರ್ ಚೆಂಡು ಹಿಸುಕುತ್ತಾರೆ: ಉಸಿರು ಕಟ್ಟಿದಂತಾಗುತ್ತಿದೆ, ಮೂತ್ರಕ್ಕೆ ಹೋಗಬೇಕು. ಮಗುವಾದರೆ ನಿದ್ದೆಯ ಔಷಧಿ ಇಳಿದು ಎದ್ದು ಅಳುತ್ತದೆ. ಅಪಘಾತದ ಕೇಸು ಬಂದರೆ ಇವರನ್ನು ಇಳಿಸಿ ಅವರನ್ನು ಮಲಗಿಸಬೇಕಾಗುತ್ತದೆ. ಕರೆಂಟು ಕೈಕೊಡುವುದೂ ಉಂಟು. ಮೇಜು ಹೊರಗೆ ಬಂತು, ತಲೆಯ ಮೇಲಿನ ಪಂಜರದಂಥ ಕಾಯಿಲ್ ತೆಗೆದರು, ರೋಗಿ ಎದ್ದು ಕೂತರು. ಅಲ್ಲಿಗೆ ಮೊದಲ ಅಧ್ಯಾಯ ಮುಗಿಯಿತು. ಹತ್ತೇ ನಿಮಿಷದಲ್ಲಿ ಮತ್ತೆ ಮಲಗಿಸಿ, ಕಿವಿಯ ಪಕ್ಕ ಅದೇ ಸ್ಪಂಜು ತುರುಕಿದರೂ, ತಲೆ ಮೊದಲಿದ್ದ ಜಾಗದಲ್ಲಿ ಕೂರುವುದಿಲ್ಲ.

ಯಂತ್ರಕ್ಕೆ ಇದು ಗೊತ್ತು. ಪ್ರತಿ ಚಿತ್ರದ ಜೊತೆ ಹೋಗುವ ಡೈಕಾಮ್ ಎಂಬ ಕಡತ ಕ್ರಮದ ಮಾಹಿತಿಯಲ್ಲಿ ‘ಫ್ರೇಮ್ ಆಫ್ ರೆಫರೆನ್ಸ್’ ಎಂಬ ಉದ್ದನೆಯ ಸಂಖ್ಯೆಯೊಂದಿರುತ್ತದೆ. ಎರಡು ಚಿತ್ರಗಳಲ್ಲಿ ಅದು ಒಂದೇ ಇದ್ದರೆ ಎರಡರ ಅಳತೆಗೂ ಮೂಲಬಿಂದು ಒಂದೇ ಎಂದರ್ಥ. ರೋಗಿಯನ್ನು ಇಳಿಸಿ ಮತ್ತೆ ಮಲಗಿಸಿದಾಗ ಸಂಖ್ಯೆ ಬದಲಾಗಬೇಕು. ರೇಡಿಯಾಲಜಿಸ್ಟ್ ಒಂದು ಚಿತ್ರದ ಮೇಲೆ ಬೆರಳಿಟ್ಟಾಗ ಪಕ್ಕದ ಚಿತ್ರದಲ್ಲಿ ಅದೇ ಜಾಗ ತೋರಿಸುತ್ತಿದ್ದ ಗೆರೆ ಮಾಯವಾದರೆ ಕಾರಣ ಇದೇ. ಅನೇಕರು ಇದನ್ನು ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ಕೆಟ್ಟಿರುವುದಿಲ್ಲ, ನಿಜ ಹೇಳುತ್ತಿರುತ್ತದೆ.

ಹೊಂದಿಸುವ ಕೆಲಸದ ತಿರುಳು ಆರು ಸಂಖ್ಯೆಗಳಲ್ಲಿದೆ. ತಲೆಬುರುಡೆ ಗಟ್ಟಿ ಪೆಟ್ಟಿಗೆ. ಒಳಗಿರುವುದು ಹತ್ತು ನಿಮಿಷದಲ್ಲಿ ಆಕಾರ ಬದಲಿಸುವುದಿಲ್ಲ. ಎಡಬಲ, ಹಿಂದುಮುಂದು, ಮೇಲೆಕೆಳಗೆ ಎಷ್ಟು ಸರಿಯಿತು ಎಂಬುದು ಮೂರು ಸಂಖ್ಯೆ. ಮೂರು ದಿಕ್ಕಿನಲ್ಲಿ ಎಷ್ಟೆಷ್ಟು ತಿರುಗಿತು ಎಂಬುದು ಇನ್ನು ಮೂರು. ಎರಡೇ ಡಿಗ್ರಿ ತಿರುಗಿದರೆ ಏನಾದೀತು ಎನ್ನಬೇಡಿ. ತಿರುಗಿದ ಅಕ್ಷದಿಂದ 70 ಮಿಲಿಮೀಟರ್ ದೂರವಿರುವ ಮಿದುಳಿನ ಹೊರಪದರದಲ್ಲಿ ಅದು ಸುಮಾರು ಎರಡೂವರೆ ಮಿಲಿಮೀಟರ್ ಸರಿತ, ಹೊರಪದರದ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಹೊಂದಿಸದೆ ಕಳೆದರೆ ಮಿದುಳಿನ ಅಂಚಿನ ಉದ್ದಕ್ಕೂ ಇಲ್ಲದ ರೋಗ ಬೆಳ್ಳಗೆ ಕಾಣುತ್ತದೆ.

ಆರು ಸಂಖ್ಯೆಗಳನ್ನು ಹುಡುಕಲು ಕಂಪ್ಯೂಟರ್ ಒಂದು ಚಿತ್ರವನ್ನು ಇಷ್ಟಿಷ್ಟೇ ಸರಿಸಿ ತಿರುಗಿಸಿ, ಪ್ರತಿ ಸಲವೂ ‘ಈಗ ಎಷ್ಟು ಹೊಂದಿತು’ ಎಂದು ಅಂಕ ಹಾಕುತ್ತದೆ. ಎರಡೂ ಒಂದೇ ಬಗೆಯ ಚಿತ್ರವಾದರೆ ಚುಕ್ಕೆ ಚುಕ್ಕೆಗೂ ಇರುವ ವ್ಯತ್ಯಾಸ ಕೂಡಿದರೆ ಸಾಕು. 1990ರ ದಶಕದ ಆರಂಭದಲ್ಲಿ ರೋಜರ್ ವುಡ್ಸ್ ಅವರ ‘ಏರ್’ ಎಂಬ ಪ್ರೋಗ್ರಾಂ ವ್ಯತ್ಯಾಸದ ಬದಲು ಅನುಪಾತ ನೋಡಿ ಇಂಥದೇ ದಾರಿ ಹಾಕಿಕೊಟ್ಟಿತು. ತೊಡಕು ಬರುವುದು ಬೇರೆ ಬೇರೆ ಬಗೆಯ ಚಿತ್ರಗಳಲ್ಲಿ. ಒಂದರಲ್ಲಿ ಮಿದುಳಿನ ನೀರು ಕಪ್ಪು, ಇನ್ನೊಂದರಲ್ಲಿ ಬಿಳಿ. ಕಳೆದು ಏನು ಬಂದೀತು? 1995ರ ಸುಮಾರಿಗೆ ಎಂಐಟಿಯ ಪಾಲ್ ವಯೋಲಾ ಮತ್ತು ವಿಲಿಯಂ ವೆಲ್ಸ್, ಬೆಲ್ಜಿಯಂನ ಲೂವೆನ್‌ನಲ್ಲಿ ಕಾಲಿನ್ಯೋನ್ ಮತ್ತು ಮಾಸ್ ಒಂದೇ ಉಪಾಯಕ್ಕೆ ಬೇರೆ ಬೇರೆಯಾಗಿ ಬಂದರು. ಮೊದಲ ಚಿತ್ರದ ಒಂದು ಚುಕ್ಕೆ ಎಷ್ಟು ಬೂದು ಎಂದು ಹೇಳಿದರೆ, ಅದೇ ಜಾಗದಲ್ಲಿ ಎರಡನೆಯದು ಎಷ್ಟು ಬೂದು ಇದ್ದೀತೆಂದು ಎಷ್ಟು ಖಚಿತವಾಗಿ ಊಹಿಸಬಹುದು? ಚಿತ್ರಗಳು ಹೊಂದಿದಾಗ ಊಹೆ ಮೊನಚಾಗುತ್ತದೆ, ತಪ್ಪಿದಾಗ ಮಬ್ಬಾಗುತ್ತದೆ. ಇದಕ್ಕೆ ‘ಪರಸ್ಪರ ಮಾಹಿತಿ’ ಎನ್ನುತ್ತಾರೆ. ಇಂದು ಸ್ಪೆಕ್ಟ್, ಸಿ.ಟಿ., ಎಂಆರ್‌ಐಗಳನ್ನು ಒಟ್ಟುಗೂಡಿಸುವ ಹೆಚ್ಚಿನ ಸಾಫ್ಟ್‌ವೇರ್‌ಗಳ ಒಳಗೆ ಓಡುತ್ತಿರುವುದು ಇದೇ, ಇಲ್ಲವೇ ಇದರ ದಾಯಾದಿ. 2009ರಲ್ಲಿ ಡಗ್ ಗ್ರೀವ್ ಮತ್ತು ಬ್ರೂಸ್ ಫಿಶ್ಲ್ ಇಡೀ ಚಿತ್ರವನ್ನು ಬಿಟ್ಟು, ಬೂದು ಪದರ ಮತ್ತು ಬಿಳಿ ಪದರ ಕೂಡುವ ಗಡಿಯನ್ನಷ್ಟೇ ನೋಡಿ ಹೊಂದಿಸುವ ಕ್ರಮ ತಂದರು. ಮಿದುಳಿನ ಯಾವ ಭಾಗ ಕೆಲಸದಲ್ಲಿದೆ ಎಂದು ತೋರಿಸುವ ಮಸುಕಾದ ಎಫ್‌ಎಂಆರ್‌ಐ ಚಿತ್ರಕ್ಕೆ ಅದು ಹೇಳಿ ಮಾಡಿಸಿದಂತಿದೆ.

ಇವೆಲ್ಲ ಎಷ್ಟು ಸರಿ? ಇದನ್ನು ಒರೆಗೆ ಹಚ್ಚಿದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಬಂದವರ ಬುರುಡೆಗೆ ಗುರುತಿನ ತಿರುಪುಗಳನ್ನು ಕೂರಿಸಿ ಚಿತ್ರ ತೆಗೆದಿದ್ದರು. ತಿರುಪು ಎಲ್ಲಿದೆ ಎಂದು ಗೊತ್ತಿದ್ದರಿಂದ ನಿಜವಾದ ಹೊಂದಾಣಿಕೆಯೂ ಗೊತ್ತಿತ್ತು. ಆಮೇಲೆ ಚಿತ್ರಗಳಿಂದ ತಿರುಪಿನ ಗುರುತನ್ನು ಅಳಿಸಿ, ಜಗತ್ತಿನ ಬೇರೆ ಬೇರೆ ತಂಡಗಳಿಗೆ ಕಳಿಸಿ, ‘ನೀವು ಹೊಂದಿಸಿ ಕೊಡಿ’ ಎಂದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಮಾತು ಹೇಳಿತು. ಬಹುಪಾಲು ಸಲ ಹೊಂದಾಣಿಕೆ ಒಪ್ಪುವಷ್ಟು ಚೆನ್ನಾಗಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ದೊಡ್ಡ ತಪ್ಪುಗಳೂ ಆಗಿದ್ದವು. ಅವನ್ನು ಹಿಡಿಯಲು ಕಣ್ಣಿನಿಂದ ನೋಡುವುದು ಬಿಟ್ಟರೆ ಗತಿಯಿಲ್ಲ. ಎರಡನೆಯ ಮಾತನ್ನು ನಮ್ಮ ಪ್ರಯೋಗಾಲಯಗಳಲ್ಲಿ ಬೇಗ ಮರೆಯುತ್ತಾರೆ.

ದೊಡ್ಡ ತಪ್ಪು ಏಕಾಗುತ್ತದೆ ಎನ್ನುವುದಕ್ಕೆ ಹೆಡತಲೆಗೇ ಬರಬಹುದು. ಅಲ್ಲಿನ ಲಕ್ಷ್ಮೀಕಾಂತ ದೇವಾಲಯದಲ್ಲಿ ಊರವರು ಹದಿನಾರು ಮುಖದ ಚಾವಡಿ ಎಂದು ಕರೆಯುವ ಮಂಟಪವಿದೆ. ಪಾಳೇಗಾರನ ಹದಿನಾರು ಮಂದಿ ಅಳಿಯಂದಿರಿಗೆ ಒಂದೊಂದು ಮುಖ ಎಂಬ ಕಥೆಯೂ ಇದೆ. ಒಂದು ಮುಖದ ಪಟವನ್ನು ಇನ್ನೊಂದು ಮುಖದ ಪಟದ ಮೇಲಿಟ್ಟು ನೋಡಿ: ಕಂಬಕ್ಕೆ ಕಂಬ ಕೂತಂತೆ ಕಾಣುತ್ತದೆ, ಕೂತದ್ದು ಮಾತ್ರ ತಪ್ಪು ಮುಖದ ಮೇಲೆ. ಕಂಪ್ಯೂಟರ್ ಕೂಡ ಸುತ್ತಮುತ್ತಲಿನದಕ್ಕಿಂತ ಚೆನ್ನಾಗಿರುವ ಮೊದಲ ಹೊಂದಾಣಿಕೆ ಸಿಕ್ಕಿದ ಕೂಡಲೇ ಅಲ್ಲೇ ನಿಂತುಬಿಡಬಹುದು, ನಿಜವಾದದ್ದು ಇನ್ನೊಂದಿಷ್ಟು ತಿರುಗಿಸಿದರೆ ಸಿಗುತ್ತಿದ್ದರೂ. ಅದಕ್ಕೇ ಒಳ್ಳೆಯ ಪ್ರೋಗ್ರಾಂಗಳು ಮೊದಲು ಒರಟು ಚಿತ್ರದಲ್ಲಿ ದೂರ ದೂರ ಹುಡುಕಿ, ಆಮೇಲೆ ನಯವಾದ ಚಿತ್ರಕ್ಕೆ ಬರುತ್ತವೆ. ಆಕ್ಸ್‌ಫರ್ಡ್‌ನ ಮಾರ್ಕ್ ಜೆಂಕಿನ್ಸನ್ ಬರೆದ ‘ಫ್ಲರ್ಟ್’ ಹೆಸರು ಮಾಡಿದ್ದು ಹೀಗೆ ಹುಡುಕುವ ಜಾಣತನದಿಂದಲೇ.

ಇದಕ್ಕಿಂತ ಅಪಾಯದ್ದು ಎಡಬಲ. ಮಿದುಳಿನ ಎಡ ಅರ್ಧ ಬಲ ಅರ್ಧದ ಪ್ರತಿಬಿಂಬದಂತಿದೆ. ಕಡತ ಬದಲಿಸುವಾಗ ಎಲ್ಲೋ ಎಡ ಬಲವಾದರೂ ಚಿತ್ರ ಸೊಗಸಾಗಿ ಹೊಂದುತ್ತದೆ, ಅಂಕವೂ ಚೆನ್ನಾಗಿ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಫಿಟ್ಸ್‌ಗಾಗಿ ಮಿದುಳಿನ ಒಂದು ತುಣುಕನ್ನು ಕತ್ತರಿಸಿ ತೆಗೆಯಲು ಹೊರಟಿರುವಾಗ ಇದು ಎಂಥ ತಪ್ಪು ಎಂದು ಹೇಳಬೇಕಿಲ್ಲ. ಪರಿಹಾರ ಮಾತ್ರ ಕೆಲವೇ ರೂಪಾಯಿಯದು: ವಿಟಮಿನ್ ಇ ಇಲ್ಲವೇ ಮೀನೆಣ್ಣೆಯ ಒಂದು ಗುಳಿಗೆಯನ್ನು ಬಲ ಕಣತಲೆಗೆ ಟೇಪಿನಿಂದ ಅಂಟಿಸುವುದು. ಒಳಗಿನ ಎಣ್ಣೆ ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯುತ್ತದೆ. ತಡೆ ಬಿದ್ದು ಮತ್ತೆ ಮಲಗಿಸುವಾಗ ಅದೇ ಬದಿಗೆ ಮತ್ತೆ ಅಂಟಿಸಬೇಕು, ಅಷ್ಟೆ.

ಇಲ್ಲಿಯವರೆಗಿನದು ಆರು ಸಂಖ್ಯೆಗಳ ರಾಜ್ಯ. ಅದರಾಚೆಗೆ ಏನಿದೆ ಎಂದು ತಿಳಿಯಲು ಒಂದು ಹೇರ್‌ಪಿನ್ ಸಾಕು.

ಊರಿನಿಂದ ಬಂದ ಹೆಂಗಸರು ಎಂಆರ್‌ಐಗೆ ಮುಂಚೆ ಓಲೆ, ಮೂಗುಬೊಟ್ಟು, ಕಾಲುಂಗುರ ಬಿಚ್ಚಿಡುತ್ತಾರೆ. ತಾಳಿ ತೆಗೆದು ಬರಿಗೊರಳಲ್ಲಿರಲು ಮನಸ್ಸಾಗದವರು ಅದರ ಬದಲು ಕೊರಳಿಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಆದರೆ ತುರುಬಿನೊಳಗೆ ಸಣ್ಣ ಪಿನ್ನೊಂದು ಉಳಿದುಬಿಡಬಹುದು. ಹಾಗೆ ಉಳಿಯುವುದೇ ಅಪಾಯ. ಆ ಮಾತು ಬೇರೆ. ನಮ್ಮ ಪ್ರಶ್ನೆಗೆ ಬಂದರೆ, ಕಬ್ಬಿಣ ಸುತ್ತಲಿನ ಕಾಂತಕ್ಷೇತ್ರವನ್ನು ಸೊಟ್ಟಗೆ ಮಾಡುತ್ತದೆ, ಆ ಭಾಗದ ಮಿದುಳು ಚಿತ್ರದಲ್ಲಿ ಎಳೆದಂತೆ ಕಾಣುತ್ತದೆ, ಪಕ್ಕದಲ್ಲೇ ಕರಿಗುಳಿ. ಮಧ್ಯೆ ಎದ್ದಾಗ ಪಿನ್ನು ಸಿಕ್ಕಿ ತೆಗೆದರು ಎನ್ನಿ. ಎರಡನೆಯ ಸರದಿಯ ಚಿತ್ರದಲ್ಲಿ ಸೊಟ್ಟಿಲ್ಲ. ಈಗ ಎರಡನ್ನೂ ಯಾವ ಕೋನಕ್ಕೆ ತಿರುಗಿಸಿದರೂ ಹೊಂದುವುದಿಲ್ಲ, ಯಾಕೆಂದರೆ ಒಂದರಲ್ಲಿ ಮಿದುಳಿನ ಆಕಾರವೇ ಬೇರೆ.

ಪಿನ್ನು ಇಲ್ಲದಿದ್ದರೂ ಇದು ಸಣ್ಣ ಪ್ರಮಾಣದಲ್ಲಿ ಎಲ್ಲರಲ್ಲೂ ಆಗುತ್ತದೆ. ಮೂಗಿನ ಹಿಂದಿನ ಗಾಳಿಗೂಡು, ಕಿವಿಯ ಮೂಳೆಯೊಳಗಿನ ಗಾಳಿ, ಇವುಗಳ ಪಕ್ಕದಲ್ಲಿ ಕಾಂತಕ್ಷೇತ್ರ ಏರುಪೇರಾಗಿರುತ್ತದೆ. ಎಫ್‌ಎಂಆರ್‌ಐ ಬಳಸುವ ವೇಗದ ಚಿತ್ರಣದಲ್ಲಿ ಹಣೆಯ ತಳಭಾಗ, ಕಣತಲೆ ಬದಿಯ ಮಿದುಳಿನ ತಳಭಾಗಗಳು ಕೆಲವು ಮಿಲಿಮೀಟರ್‌ನಿಂದ ಹಿಡಿದು ಸೆಂಟಿಮೀಟರ್ ಹತ್ತಿರದವರೆಗೂ ಜಾರಿ ಕಾಣಬಹುದು. ಬಿಸಿನೀರಿನ ಫಿಟ್ಸ್‌ನಲ್ಲಿ ನಾವು ಹುಡುಕುವುದು ಕಣತಲೆ ಬದಿಯ ಮಿದುಳಿನ ಒಳಭಾಗವನ್ನೇ ಎಂಬುದು ನೆನಪಿರಲಿ. ಈ ಜಾರುವಿಕೆಯನ್ನು ಸರಿಪಡಿಸಲು ಕಾಂತಕ್ಷೇತ್ರದ ನಕ್ಷೆ ತೆಗೆಯುತ್ತಾರೆ, ಇಲ್ಲವೇ ಒಮ್ಮೆ ಮುಂದಿನಿಂದ ಹಿಂದಕ್ಕೆ, ಒಮ್ಮೆ ಹಿಂದಿನಿಂದ ಮುಂದಕ್ಕೆ ಓದಿದ ಎರಡು ಚಿತ್ರ ತೆಗೆದು ನಡುವಿನ ನಿಜವನ್ನು ಲೆಕ್ಕ ಹಾಕುತ್ತಾರೆ. ಆದರೆ ಆ ನಕ್ಷೆ ತಲೆ ಆಗ ಇದ್ದ ಭಂಗಿಗೆ ಮಾತ್ರ ಸರಿ. ಗದ್ದ ಸ್ವಲ್ಪ ಎತ್ತಿ ಮಲಗಿದರೂ ಕ್ಷೇತ್ರ ಬದಲಾಗುತ್ತದೆ. ಮತ್ತೆ ಮಲಗಿಸಿದಾಗ ಯಂತ್ರ ಕ್ಷೇತ್ರವನ್ನು ಹೊಸದಾಗಿ ಸಮ ಮಾಡಿಕೊಳ್ಳುತ್ತದೆ ಬೇರೆ. ಮೊದಲ ಸರದಿಯ ನಕ್ಷೆಯಿಂದ ಎರಡನೆಯದನ್ನು ತಿದ್ದಲು ಹೋದರೆ ಇದ್ದ ಸೊಟ್ಟಿನ ಜೊತೆ ಹೊಸದೊಂದು ಸೇರುತ್ತದೆ. ತಡೆ ಬಿದ್ದ ಮೇಲೆ ಹೊಸ ನಕ್ಷೆ ತೆಗೆಯಲು ಒಂದೆರಡು ನಿಮಿಷ ಸಾಕು. ಹೊರಗೆ ರೋಗಿಗಳ ಸಾಲಿರುವಾಗ ಆ ಎರಡು ನಿಮಿಷವೇ ಮೊದಲು ಕೈಬಿಡುವುದು.

ಎಫ್‌ಎಂಆರ್‌ಐ ನಡುವೆ ನಿಂತರೆ ಇನ್ನೊಂದು ಆಸೆ ಹುಟ್ಟುತ್ತದೆ: ಐದು ನಿಮಿಷದ ಮೊದಲರ್ಧ, ಐದು ನಿಮಿಷದ ಎರಡನೆಯರ್ಧ, ಅಂಟಿಸಿ ಹತ್ತು ಮಾಡಿಬಿಡೋಣ. ಹಾಗೆ ಅಂಟಿಸಬಾರದು. ಪ್ರತಿ ಸಲ ಶುರುವಾದಾಗ ಮೊದಲ ಕೆಲವು ಚಿತ್ರಗಳು ಹೆಚ್ಚು ಬೆಳ್ಳಗಿರುತ್ತವೆ, ಅವನ್ನು ಬಿಡಬೇಕು. ಸರಾಸರಿ ಹೊಳಪು ಎರಡೂ ಸಲ ಬೇರೆ. ನಿಧಾನವಾಗಿ ಏರಿಳಿಯುವ ಯಂತ್ರದ ಗದ್ದಲವೂ ಬೇರೆ. ಎರಡನ್ನೂ ಬೇರೆ ಬೇರೆ ಓಟ ಎಂದೇ ಲೆಕ್ಕಕ್ಕೆ ತೆಗೆದುಕೊಂಡು, ಒಂದೊಂದಕ್ಕೂ ಅದರದೇ ತಳಮಟ್ಟ ಕೊಟ್ಟು, ಕೊನೆಗೆ ಫಲಿತಾಂಶದ ಮಟ್ಟದಲ್ಲಿ ಕೂಡಿಸಬೇಕು. ನರತಂತುಗಳ ದಿಕ್ಕು ನೋಡುವ ಡಿಫ್ಯೂಷನ್ ಚಿತ್ರಗಳಲ್ಲಂತೂ ಚಿತ್ರವನ್ನು ತಿರುಗಿಸಿದಷ್ಟೇ, ಅಳೆದ ದಿಕ್ಕುಗಳ ಪಟ್ಟಿಯನ್ನೂ ತಿರುಗಿಸಬೇಕು. 2009ರಲ್ಲಿ ಲೀಮನ್ಸ್ ಮತ್ತು ಜೋನ್ಸ್ ಇದನ್ನು ಒತ್ತಿ ಬರೆದ ಮೇಲೂ ಬಿಟ್ಟುಹೋಗುವುದು ತಪ್ಪಿಲ್ಲ.

ಮರುಲೆಕ್ಕದ ವಿಷಯದಲ್ಲಿ ಒಂದು ಮಾತು. ಚಿತ್ರವನ್ನು ಪ್ರತಿ ಸಲ ತಿರುಗಿಸಿ ಉಳಿಸಿದಾಗಲೂ ಅಕ್ಕಪಕ್ಕದ ಚುಕ್ಕೆಗಳು ಬೆರೆತು ಅದು ಸ್ವಲ್ಪ ಮಸುಕಾಗುತ್ತದೆ. ಅಲುಗಾಟ ತಿದ್ದಲು ಒಮ್ಮೆ, ಸೊಟ್ಟು ತಿದ್ದಲು ಒಮ್ಮೆ, ಎಂಆರ್‌ಐ ಮೇಲೆ ಕೂರಿಸಲು ಒಮ್ಮೆ ಎಂದು ಮೂರು ಸಲ ಮಸುಕು ಮಾಡುವ ಬದಲು, ಎಲ್ಲ ಬದಲಾವಣೆಗಳನ್ನೂ ಲೆಕ್ಕದಲ್ಲಿ ಕೂಡಿಸಿ ಮೂಲ ಚಿತ್ರಕ್ಕೆ ಒಂದೇ ಸಲ ಅನ್ವಯಿಸುವುದು ಈಗಿನ ಒಳ್ಳೆಯ ರೂಢಿ.

ತಡೆ ನಿಮಿಷಗಳದ್ದಲ್ಲ, ವರ್ಷಗಳದ್ದಾದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯ ಗುರಿಯಿಟ್ಟುಕೊಂಡು ಒಂದು ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ವಯಸ್ಸಾದಂತೆ ಮರೆವು ಏಕೆ ಬರುತ್ತದೆ, ಯಾರಿಗೆ ಬರುತ್ತದೆ ಎಂಬುದು ಪ್ರಶ್ನೆ. ಹಳ್ಳಿಯವರು ಬೆಂಗಳೂರಿಗೆ ಬಂದು ಎಂಆರ್‌ಐ ಮಾಡಿಸಿಕೊಳ್ಳುತ್ತಾರೆ, ವರ್ಷಗಳ ನಂತರ ಮತ್ತೆ ಬರುತ್ತಾರೆ. ಇಲ್ಲಿ ಹುಡುಕುವುದೇ ಆಕಾರದ ಬದಲಾವಣೆಯನ್ನು. ಆರೋಗ್ಯವಾಗಿರುವ ವಯಸ್ಸಾದವರ ಮಿದುಳು ವರ್ಷಕ್ಕೆ ಸುಮಾರು ಅರ್ಧ ಪ್ರತಿಶತದಷ್ಟು ಕುಗ್ಗುತ್ತದೆ. ಅಷ್ಟು ಸಣ್ಣದನ್ನು ಅಳೆಯಲು ಹೊರಟಾಗ ಅಳತೆಗೋಲೇ ಮೋಸ ಮಾಡಬಹುದು.

ಮೋಸ ಮಾಡಿದ್ದೂ ಇದೆ. ಅಮೆರಿಕದಲ್ಲಿ 2004ರಲ್ಲಿ ಶುರುವಾದ ಆಲ್‌ಝೈಮರ್ ಚಿತ್ರಣ ಯೋಜನೆಯ ಚಿತ್ರಗಳನ್ನು ಇಟ್ಟುಕೊಂಡು, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಎಷ್ಟು ಕುಗ್ಗಿತೆಂದು ಹಲವರು ಲೆಕ್ಕ ಹಾಕುತ್ತಿದ್ದರು. 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ಯುಷ್ಕೆವಿಚ್ ಮತ್ತು ಸಂಗಡಿಗರು ಒಂದು ಮುಜುಗರದ ಸಂಗತಿ ಹೊರಗೆಡವಿದರು. ರೂಢಿಯಂತೆ ಮೊದಲ ಚಿತ್ರವನ್ನು ಹಾಗೇ ಬಿಟ್ಟು ಎರಡನೆಯದನ್ನು ಮಾತ್ರ ತಿರುಗಿಸಿ ಅದರ ಮೇಲೆ ಕೂರಿಸುತ್ತಿದ್ದರು. ಹಾಗಾಗಿ ಮಸುಕಾಗುತ್ತಿದ್ದುದು ಎರಡನೆಯದು ಮಾತ್ರ. ಕಂಪ್ಯೂಟರ್ ಆ ಮಸುಕನ್ನೂ ಕುಗ್ಗಿದ್ದೆಂದೇ ಓದಿ, ಕುಗ್ಗುವಿಕೆಗೆ ಸೇರಿಸಿಬಿಡುತ್ತಿತ್ತು. ಔಷಧಿಯ ಪರೀಕ್ಷೆಗೆ ಎಷ್ಟು ರೋಗಿಗಳು ಬೇಕೆಂದು ಇಂಥ ಅಂಕಿಗಳಿಂದಲೇ ಲೆಕ್ಕ ಹಾಕುವುದರಿಂದ ತಪ್ಪು ಸಣ್ಣದಾಗಿರಲಿಲ್ಲ. ಮಾರ್ಟಿನ್ ರಾಯ್ಟರ್ ಮತ್ತು ಫಿಶ್ಲ್ ಅವರ ಗುಂಪು 2012ರಲ್ಲಿ ಮುಂದಿಟ್ಟ ಉತ್ತರ ಸರಳ: ಯಾವ ಚಿತ್ರವನ್ನೂ ಯಜಮಾನ ಮಾಡಬೇಡಿ. ಎಲ್ಲವನ್ನೂ ನಡುವಿನ ಒಂದು ಜಾಗಕ್ಕೆ ತನ್ನಿ, ಎಲ್ಲವೂ ಸಮವಾಗಿ ಮಸುಕಾಗಲಿ, ಆ ನಡುವಿನ ಮಾದರಿಯಿಂದ ಎಲ್ಲವನ್ನೂ ಅಳೆಯಿರಿ. ಫ್ರೀಸರ್ಫರ್ ಎಂಬ ಜನಪ್ರಿಯ ಸಾಫ್ಟ್‌ವೇರ್‌ನ ದೀರ್ಘಾವಧಿ ವಿಭಾಗ ನಡೆಯುವುದು ಹೀಗೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರ ವಿಚಾರ ಇದೇ. ನಿಮಿಷಗಳ ತಡೆಗೆ ಇಷ್ಟು ನೇಮ ಬೇಕಿಲ್ಲ. ಮೊದಲ ಸರದಿಯ ಒಳ್ಳೆಯ ಎಂಆರ್‌ಐ ಒಂದನ್ನು ನೆಲೆಯಾಗಿಟ್ಟುಕೊಂಡರೆ ಸಾಕು.

ಅದೇ ಫ್ರೀಸರ್ಫರ್ ಬಗ್ಗೆ 2012ರಲ್ಲೇ ಬಂದ ಇನ್ನೊಂದು ಲೇಖನ, ಗ್ರೋನೆನ್‌ಶಿಲ್ಡ್ ಮತ್ತು ಸಂಗಡಿಗರದು, ಒಂದೇ ಚಿತ್ರಕ್ಕೆ ಸಾಫ್ಟ್‌ವೇರ್‌ನ ಬೇರೆ ಆವೃತ್ತಿ ಹಾಕಿದರೆ, ಬೇರೆ ಕಂಪ್ಯೂಟರ್‌ನಲ್ಲಿ ಓಡಿಸಿದರೆ ಬೇರೆ ಬೇರೆ ಅಳತೆ ಬರುತ್ತದೆ ಎಂದು ತೋರಿಸಿತು. ಐದು ವರ್ಷದ ಅಧ್ಯಯನದ ಮಧ್ಯೆ ಲ್ಯಾಬಿನವರು ಉತ್ಸಾಹದಿಂದ ಹೊಸ ಆವೃತ್ತಿ ಹಾಕಿಕೊಂಡರೆ ಅದೂ ಒಂದು ತಡೆಯೇ.

ದೇಹವೂ ಬದಲಾಗುತ್ತದೆ. ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಮಿದುಳು ಮಧ್ಯಾಹ್ನಕ್ಕಿಂತ ಅಳೆಯಬಲ್ಲಷ್ಟು ತುಂಬಿಕೊಂಡಿರುತ್ತದೆ; ನೀರು ಕುಡಿಯದೆ ಬಳಲಿದ್ದರೆ ಕುಗ್ಗಿರುತ್ತದೆ. ದೂರದ ಹಳ್ಳಿಯವರು ಮೊದಲ ಸಲ ಬಿಸಿಲಲ್ಲಿ ಬಸ್ಸಿಳಿದು ಮಧ್ಯಾಹ್ನ ಮಲಗಿ, ಎರಡನೆಯ ಸಲ ಹಿಂದಿನ ರಾತ್ರಿಯೇ ಬಂದು ಉಳಿದು ಬೆಳಿಗ್ಗೆ ಮಲಗಿದರೆ, ವರ್ಷದ ಕುಗ್ಗುವಿಕೆಯ ಒಂದು ಪಾಲು ಗುಟ್ಟಾಗಿ ಅಳಿಸಿಹೋಗುತ್ತದೆ. ಯಾವ ಹೊಂದಾಣಿಕೆ ಸೂತ್ರವೂ ಇದನ್ನು ಹಿಡಿಯದು. ಚಿತ್ರ ತೆಗೆದ ಗಂಟೆ ಬರೆದಿಟ್ಟಿದ್ದರೆ ಕೊನೆಗೆ ಲೆಕ್ಕದಲ್ಲಾದರೂ ಸರಿತೂಗಿಸಬಹುದು.

ಎಲ್ಲಕ್ಕಿಂತ ಕೆಟ್ಟ ತಡೆ ಯಂತ್ರವೇ ಬದಲಾಗುವುದು. ಮಕ್ಕಳು ಮತ್ತು ಯುವಕರ ಮಿದುಳಿನ ಬೆಳವಣಿಗೆ ನೋಡುವ ಸಿ-ವೇದ ಎಂಬ ಭಾರತ–ಬ್ರಿಟನ್ ಅಧ್ಯಯನಕ್ಕೆ ನಿಮ್ಹಾನ್ಸ್ ಮುಂದಾಳು. ಅದರ ಏಳು ಕೇಂದ್ರಗಳಲ್ಲಿ ಮೈಸೂರೂ ಒಂದು. ಇಷ್ಟು ಹರಡಿದ ಅಧ್ಯಯನಗಳಲ್ಲಿ ಊರಿಗೊಂದು ಕಂಪನಿಯ ಯಂತ್ರವಿರುವುದು ಸಾಮಾನ್ಯ. ಹೊಳಪು ಬೇರೆ, ಅಂಚಿನಲ್ಲಿ ಚಿತ್ರ ಬಾಗುವ ರೀತಿ ಬೇರೆ, ಬೂದು–ಬಿಳಿ ಗಡಿ ಕಾಣುವ ಜಾಗವೂ ಕೂದಲೆಳೆಯಷ್ಟು ಬೇರೆ. ಇದಕ್ಕೆ ತಳಿವಿಜ್ಞಾನದಿಂದ ಎರವಲು ತಂದ ‘ಕಾಂಬ್ಯಾಟ್’ ಎಂಬ ಸಂಖ್ಯಾಶಾಸ್ತ್ರದ ಮದ್ದನ್ನು 2017ರಿಂದೀಚೆಗೆ ಹಲವರು ಬಳಸುತ್ತಿದ್ದಾರೆ. ಒಂದೊಂದು ಯಂತ್ರದ ಒಲವನ್ನು ಅಂದಾಜು ಮಾಡಿ ಕಳೆಯುತ್ತದೆ. ಒಳ್ಳೆಯ ಮದ್ದೇ, ಆದರೆ ಅದಕ್ಕೆ ಮಿತಿಯಿದೆ: ಮೊದಲ ಸರದಿಯೆಲ್ಲ ಹಳೆಯ ಯಂತ್ರದಲ್ಲಿ, ಎರಡನೆಯ ಸರದಿಯೆಲ್ಲ ಹೊಸದರಲ್ಲಿ ಆಗಿದ್ದರೆ, ಯಂತ್ರದ ಬದಲಾವಣೆ ಯಾವುದು, ವಯಸ್ಸಿನ ಬದಲಾವಣೆ ಯಾವುದು ಎಂದು ಯಾವ ಗಣಿತವೂ ಬೇರ್ಪಡಿಸದು. ಹಳೆಯ ಯಂತ್ರ ಬಿಚ್ಚುವ ಮೊದಲು ಕೆಲವರನ್ನಾದರೂ ಒಂದೇ ವಾರದಲ್ಲಿ ಎರಡರಲ್ಲೂ ಮಲಗಿಸಿ ಇಟ್ಟುಕೊಂಡಿದ್ದರೆ ಉಳಿಗಾಲವುಂಟು.

ಭಾರತೀಯರ ಮಿದುಳಿಗೆ ಭಾರತದ್ದೇ ಮಾದರಿ ನಕ್ಷೆ ಬೇಕೆ ಎಂಬ ಚರ್ಚೆಯೂ ಇದರ ಜೊತೆಗೆ ಬರುತ್ತದೆ. ನಿಮ್ಹಾನ್ಸ್ ತಂಡ 2020ರಲ್ಲಿ 6ರಿಂದ 60 ವರ್ಷದವರೆಗಿನ ಐದು ವಯೋಮಾನಗಳ ನಕ್ಷೆಗಳನ್ನು ಪ್ರಕಟಿಸಿದೆ. ಜನರನ್ನು ಜನರೊಡನೆ ಹೋಲಿಸುವಾಗ ಅದು ಉಪಯುಕ್ತ. ಒಬ್ಬನ ಎರಡು ಸರದಿಗಳನ್ನು ಹೊಂದಿಸುವಾಗ ಅವನ ತಲೆಯೇ ಅವನಿಗೆ ನಕ್ಷೆ.

ಸಂಶೋಧನೆ ಬಿಟ್ಟು ಸಾಮಾನ್ಯ ಆಸ್ಪತ್ರೆಗೆ ಬಂದರೆ ನಮ್ಮ ಕಡೆ ಹೋಲಿಕೆ ಇನ್ನೂ ನಡೆಯುವುದು ಕಿಟಕಿಯ ಬೆಳಕಿಗೆ ಫಿಲ್ಮ್ ಹಿಡಿದು. ಲಾಡಿಹುಳುವಿನ ಮರಿ ಮಿದುಳಿನಲ್ಲಿ ಕೂತು ಫಿಟ್ಸ್ ಬರುವುದು ಹಳ್ಳಿಗಳಲ್ಲಿ ಸಾಮಾನ್ಯ. ವೆಲ್ಲೂರಿನ ಡಾ. ವಿ. ರಾಜಶೇಖರ್ ಮತ್ತು ಸಂಗಡಿಗರು ತೋರಿಸಿದಂತೆ, ಸಿ.ಟಿ.ಯಲ್ಲಿ ಕಾಣುವ ಇಂಥ ಸಣ್ಣ ಗಂಟು ಹೆಚ್ಚಿನ ಸಲ ತಾನಾಗಿಯೇ ಕರಗುತ್ತದೆ. ಹಾಗಾಗಿ ಕೆಲವು ತಿಂಗಳ ನಂತರ ಮತ್ತೊಂದು ಸ್ಕ್ಯಾನು. ಮೊದಲನೆಯದು ಒಂದು ಊರಿನ ಸಿ.ಟಿ., ಎರಡನೆಯದು ಇನ್ನೊಂದು ಊರಿನ ಎಂಆರ್‌ಐ. ಕಣ್ಣಿನ ಮಸೂರಕ್ಕೆ ವಿಕಿರಣ ತಗಲದಿರಲೆಂದು ಎಷ್ಟೋ ಕಡೆ ಸಿ.ಟಿ. ಯಂತ್ರವನ್ನು ಓರೆ ಮಾಡಿ ಹೋಳು ತೆಗೆಯುತ್ತಾರೆ. ಎಂಆರ್‌ಐ ಹೋಳುಗಳ ಓರೆ ಬೇರೆ. ಎರಡು ಫಿಲ್ಮ್‌ಗಳ ‘ಅದೇ’ ಹೋಳು ನಿಜಕ್ಕೂ ಅದೇ ಅಲ್ಲ. ಗಂಟು ಕರಗಿತೋ, ಆ ಹೋಳಿಗೆ ಸಿಗಲಿಲ್ಲವೋ? ಕಡತದಲ್ಲಿದ್ದರೆ ಕಂಪ್ಯೂಟರ್ ಈ ಓರೆಯನ್ನು ಓದಿ ತಿದ್ದಬಲ್ಲದು, ಓದಲು ಮರೆತರೆ ತಲೆ ಒಂದು ಕಡೆ ಜರುಗಿದ ಇಸ್ಪೀಟು ಕಟ್ಟಿನಂತೆ ಕಾಣುತ್ತದೆ. ಫಿಲ್ಮ್‌ನಿಂದ ಯಾವ ತಂತ್ರಾಂಶಕ್ಕೂ ಇದು ಸಾಧ್ಯವಿಲ್ಲ, ಅದರಲ್ಲಿ ಜಾಗದ ಲೆಕ್ಕವೇ ಉಳಿದಿರುವುದಿಲ್ಲ.

ಹಾಗಾಗಿ ರೋಗಿಯ ಕಡೆಯವರು ಕೇಳಿ ಪಡೆಯಬೇಕಾದದ್ದು ಸಿ.ಡಿ.ಯನ್ನು, ಅದೂ ಪೂರ್ತಿ ಡೈಕಾಮ್ ಚಿತ್ರಗಳಿರುವುದನ್ನು. ಫೋನಿನಲ್ಲಿ ತೆಗೆದ ಫಿಲ್ಮ್ ಫೋಟೊವನ್ನಲ್ಲ. ಟೆಕ್ನಿಷಿಯನ್ ಬರೆಯಬೇಕಾದದ್ದು ಇನ್ನೂ ಕಡಿಮೆ. ಎಷ್ಟು ಗಂಟೆಗೆ ಇಳಿಸಿದರು, ಏಕೆ ಇಳಿಸಿದರು, ಮತ್ತೆ ಮಲಗಿಸಿದಾಗ ಯಾವ ಕಾಯಿಲ್, ಕಾಂತಕ್ಷೇತ್ರದ ಹೊಸ ನಕ್ಷೆ ತೆಗೆದರೇ ಇಲ್ಲವೇ, ಗುಳಿಗೆ ಯಾವ ಬದಿಗೆ, ತುರುಬಿನಲ್ಲಿ ಪಿನ್ನು ಸಿಕ್ಕಿತೇ.